ಉದ್ಘಾಟನೆಯಾದ ಮನೆಗೆ ಜೂನ್ ಬಂದಾಗ

ಕೇಳುಗರಿಗೆ ನಮಸ್ಕಾರ. ನಮ್ಮ ಕಾಸರಗೋಡಿನಲ್ಲಿ ಹೆಸರಾಂತ ಹಳೆಯ ಮನೆಯೊಂದು ಬೀಳುವ ಹಂತಕ್ಕೆ ಬಂದರೆ ಸಾಕು, ‘ಇದನ್ನೊಂದು ಮ್ಯೂಸಿಯಂ ಮಾಡಬೇಕು’ ಎಂಬ ಮಾತು ಏಳುತ್ತದೆ. ಸಮಿತಿಯಾಗುತ್ತದೆ, ಅನುದಾನಕ್ಕೆ ಅರ್ಜಿ ಹೋಗುತ್ತದೆ, ಶಿಲಾಫಲಕಕ್ಕೆ ಹೆಸರುಗಳ ಪಟ್ಟಿ ಸಿದ್ಧವಾಗುತ್ತದೆ. ನನ್ನ ತಕರಾರು ಇದ್ಯಾವುದರ ಮೇಲೂ ಅಲ್ಲ. ಉದ್ಘಾಟನೆಯಾದ ಮೇಲೆ ಬರುವ ಜೂನ್ ತಿಂಗಳ ಬಗ್ಗೆ ಯಾರೂ ಮಾತನಾಡುವುದಿಲ್ಲವಲ್ಲ, ಅದರ ಮೇಲೆ.

ಮಂಜೇಶ್ವರದ ಗೋವಿಂದ ಪೈಗಳನ್ನೇ ನೆನೆಯಿರಿ. 1949ರಲ್ಲಿ ಮದ್ರಾಸ್ ಸರ್ಕಾರ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. 1956ರಲ್ಲಿ ಊರು ಕೇರಳಕ್ಕೆ ಸೇರಿತು, 1963ರಲ್ಲಿ ಅವರು ತೀರಿಕೊಂಡರು. ಅವರ ಮನೆಯ ಆವರಣದ ಸ್ಮಾರಕ ‘ಗಿಳಿವಿಂಡು’ ಉದ್ಘಾಟನೆಯಾದದ್ದು 2017ರಲ್ಲಿ. ಕವಿಯ ಮನೆ ಗಡಿಯ ಈಚೆ, ಅವರ ಭಾಷೆಯ ಸರ್ಕಾರ ಆಚೆ; ಎರಡೂ ಕಡೆಯವರು ಕೈಜೋಡಿಸುವ ಹೊತ್ತಿಗೆ ಅರ್ಧ ಶತಮಾನ ದಾಟಿತ್ತು. ಮಳೆ ಅಷ್ಟು ಕಾಯುವುದಿಲ್ಲ.

ನಮ್ಮ ಹಳೆಯ ಮನೆಗಳ ಗೋಡೆ ಮುರಕಲ್ಲಿನದು. ಮೈತುಂಬ ರಂಧ್ರವಿರುವ ಕಲ್ಲು, ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸುಣ್ಣದ ಗಾರೆ ಅದಕ್ಕೆ ಅಡ್ಡಿಮಾಡುವುದಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ನಾವು ಮಾಡುವುದೇನು? ಗಾರೆ ಕೆರೆದು ಸಿಮೆಂಟು ಬಳಿಯುತ್ತೇವೆ, ಮೇಲೆ ಹೊಳೆಯುವ ಬಣ್ಣ. ಒಳಗಿನ ತೇವಕ್ಕೆ ಹೊರದಾರಿ ಇಲ್ಲದೆ ಸಿಮೆಂಟಿನ ಹಿಂದೆಯೇ ಕಲ್ಲು ಪುಡಿಯಾಗತೊಡಗುತ್ತದೆ. ಹೊರಗಿನಿಂದ ಗೋಡೆ ಮದುವಣಗಿತ್ತಿಯಂತೆ ಕಾಣುತ್ತಿರುತ್ತದೆ! ಇಂಥ ಕೆಲಸಕ್ಕಿಂತ ಏನೂ ಮಾಡದೆ ಬಿಡುವುದೇ ಮೇಲು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಇನ್ನು ಹವಾನಿಯಂತ್ರಣ. ಇಡೀ ಮನೆಗೆ ಅದು ಬೇಕಿಲ್ಲ. ತಾಳೆಗರಿ, ಕಾಗದಪತ್ರಗಳಿಗೆ ಬೇಕಾದದ್ದು ತೇವಾಂಶ ಏರಿಳಿಯದ ಒಂದು ಕೋಣೆ. ಅದನ್ನು ಭದ್ರವಾಗಿ ಮುಚ್ಚಿ ಹಗಲೂ ರಾತ್ರಿ ಒಂದೇ ಹದದಲ್ಲಿಡಬೇಕು. ಹಗಲು ಯಂತ್ರ ಓಡಿಸಿ ಸಂಜೆ ಬೀಗ ಹಾಕುವಾಗ ನಿಲ್ಲಿಸಿದರೆ ಆ ಏರಿಳಿತವೇ ಗರಿಗಳಿಗೆ ಕಂಟಕ. ಚಾವಡಿ, ಅಡುಗೆಕೋಣೆಗಳು ಗಾಳಿಗೆ ತೆರೆದೇ ಇರಲಿ. ಅವನ್ನು ಹಾಗೆಂದೇ ಕಟ್ಟಿದ್ದು. ಗಾಲಿಕುರ್ಚಿಯವರಿಗೆ ಇಳಿಜಾರು, ಶೌಚಾಲಯ, ಹೊಸ ವೈರಿಂಗ್ ಇವು ಖಂಡಿತ ಬೇಕು, ವಾದವೇ ಇಲ್ಲ. ಶೌಚಾಲಯ ಮಾತ್ರ ಹಳೆಯ ಗೋಡೆಗೆ ತಾಗದಂತೆ ದೂರವಿರಲಿ.

ನಿಜವಾದ ಪ್ರಶ್ನೆ ಮಾಡಿನದು, ಅಂದರೆ ಛಾವಣಿಯದು. 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯ ಮುಳಿಹುಲ್ಲಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಹಂಚಿನ ಮಾಡು ಬಾಳಿಕೆಯದ್ದೇ, ಆದರೆ ಮಳೆಗೆ ಮೊದಲು ಯಾರಾದರೂ ಹತ್ತಿ ಕೈಯಾಡಿಸಬೇಕು, ಒಡೆದದ್ದನ್ನು ಬದಲಿಸಬೇಕು, ತರಗೆಲೆ ಗುಡಿಸಬೇಕು. ಒಂದು ಹಂಚು ಜಾರಿದರೆ ನೀರು ಹಂಚು ಹೊತ್ತ ಮರದ ಪಕ್ಕಾಸಿಗೆ ಇಳಿಯುತ್ತದೆ, ಹಿಂದೆಯೇ ಗೆದ್ದಲು. ಜನ ವಾಸವಿದ್ದಾಗ ಸೋರಿದ ರಾತ್ರಿಯೇ ಗೊತ್ತಾಗುತ್ತಿತ್ತು. ಮ್ಯೂಸಿಯಂನಲ್ಲಿ ರಾತ್ರಿ ಮಲಗುವವರಿಲ್ಲ. ಕಟ್ಟುವುದಕ್ಕೆ ಅನುದಾನ ಸಿಗುತ್ತದೆ, ಹಂಚು ಸರಿಪಡಿಸುವವರ ಕೂಲಿಗೆ ಸಿಗುವುದಿಲ್ಲ; ಆ ಕೂಲಿಗೆ ಫಲಕದ ಮೇಲೆ ಜಾಗವಿಲ್ಲ ನೋಡಿ.

ಹಾಗಾಗಿ ಯಾವುದೇ ಸಮಿತಿಯವರು ಸಲಹೆ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ: ಪ್ರತಿ ಮೇ ತಿಂಗಳು ಮಾಡು ಹತ್ತುವವರು ಯಾರು, ಅವರಿಗೆ ಹಣ ಯಾವ ಬಾಬ್ತಿನಿಂದ? ಉತ್ತರವಿಲ್ಲದಿದ್ದರೆ ದಯವಿಟ್ಟು ಮ್ಯೂಸಿಯಂ ಬೇಡ. ಯಾವುದಾದರೂ ಸಂಸಾರಕ್ಕೆ ಕಡಿಮೆ ಬಾಡಿಗೆಗೆ ಕೊಟ್ಟುಬಿಡಿ, ಮಾಡು ಸೋರಿದರೆ ಅವರೇ ಬಂದು ಜಗಳ ತೆಗೆಯುತ್ತಾರೆ.