ಆ ರಾತ್ರಿ ಎದುರಿಗೆ ನಿಂತವನು ಯಾರು?

ಎಲ್ಲರಿಗೂ ನಮಸ್ಕಾರ.

ಒಂದು ಹೆಸರಿನಿಂದ ಶುರು ಮಾಡುತ್ತೇನೆ. ಕೆನ್ ನಾರ್ಟನ್ ಎಂಬ ಬಾಕ್ಸರ್. 1973ರ ಮಾರ್ಚ್‌ನಲ್ಲಿ ಮುಹಮ್ಮದ್ ಅಲಿಯ ದವಡೆ ಮುರಿದು ಗೆದ್ದವನು ಇವನೇ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಒಮ್ಮೆ, 1976ರಲ್ಲಿ ಇನ್ನೊಮ್ಮೆ ಅಲಿ ಇವನನ್ನು ಸೋಲಿಸಿದ. ಎರಡೂ ಸಲ ತೀರ್ಪುಗಾರರ ಅಂಕಗಳ ಮೇಲೆ, ಎರಡೂ ಸಲ ಇವತ್ತಿಗೂ ಜಗಳ ಮುಗಿಯದಷ್ಟು ಕಡಿಮೆ ಅಂತರದಲ್ಲಿ. ಮೂರು ಪಂದ್ಯ ಸೇರಿ 39 ಸುತ್ತು ಅವರಿಬ್ಬರೂ ಹೊಡೆದಾಡಿದರು. ಇದೇ ನಾರ್ಟನ್‌ನನ್ನು ಜಾರ್ಜ್ ಫೋರ್ಮನ್ 1974ರಲ್ಲಿ ಕರಾಕಸ್‌ನಲ್ಲಿ ಎರಡನೇ ಸುತ್ತಿಗೇ ಮುಗಿಸಿದ. 1978ರಲ್ಲಿ ಲ್ಯಾರಿ ಹೋಮ್ಸ್ 15 ಸುತ್ತು ಸೆಣಸಿ ಒಂದೇ ಒಂದು ಅಂಕದಿಂದ ಗೆದ್ದ. 1981ರಲ್ಲಿ ಜೆರ್ರಿ ಕೂನಿ 54 ಸೆಕೆಂಡಿನಲ್ಲಿ ಗೆದ್ದ.

ಅಲಿ, ಫೋರ್ಮನ್, ಹೋಮ್ಸ್, ಕೂನಿ. ನಾಲ್ವರ ಪಟ್ಟಿಯಲ್ಲೂ 'ನಾರ್ಟನ್, ಗೆಲುವು' ಎಂದು ಬರೆದಿದೆ. ನಾಲ್ಕೂ ಗೆಲುವಿಗೆ ಒಂದೇ ಬೆಲೆಯೇ? ಹೆಸರು ಒಂದೇ, ಮನುಷ್ಯನೂ ಒಬ್ಬನೇ. ಆದರೆ ರಿಂಗ್‌ಗೆ ಇಳಿದ ಎದುರಾಳಿ ಒಬ್ಬನೇ ಅಲ್ಲ. 1973ರ ಸೆಪ್ಟೆಂಬರ್‌ನಲ್ಲಿ ಇಳಿದವನಿಗೆ 30 ವರ್ಷ, 1981ರಲ್ಲಿ ಇಳಿದವನಿಗೆ 37. ಇಬ್ಬರು ಚಾಂಪಿಯನ್ನರಲ್ಲಿ ಯಾರು ದೊಡ್ಡವರು ಎಂದು ಅಳೆಯುವಾಗ ಎದುರಾಳಿಗಳ ಹೆಸರನ್ನಲ್ಲ, ಆ ರಾತ್ರಿ ಎದುರಿಗೆ ನಿಂತ ದೇಹವನ್ನು ತೂಗಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಹೇಳುವುದು ಸುಲಭ, ತೂಗುವುದು ಕಷ್ಟ. ಹಾಗಾಗಿ ಕೆಲವು ಪಂದ್ಯಗಳನ್ನು ಹತ್ತಿರದಿಂದ ನೋಡೋಣ.

ಮೊದಲು, ಬಾಕ್ಸಿಂಗ್‌ನಲ್ಲಿ ಈ ಪ್ರಶ್ನೆ ಯಾಕೆ ಇಷ್ಟು ಮುಖ್ಯ? ಟೆನಿಸ್‌ನಲ್ಲಿ ಡ್ರಾ ಎತ್ತುತ್ತಾರೆ, ಯಾರು ಬಂದರೆ ಅವರೊಂದಿಗೆ ಆಡಬೇಕು. ಲೀಗ್‌ಗಳಲ್ಲಿ ಎಲ್ಲ ತಂಡಗಳಿಗೂ ವೇಳಾಪಟ್ಟಿ ಇರುತ್ತದೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಹಾಗಿಲ್ಲ. ಹೆಚ್ಚಿನ ಪಂದ್ಯಗಳು ಮಾತುಕತೆಯಿಂದ ಹುಟ್ಟುತ್ತವೆ. ಪ್ರೊಮೋಟರ್ ಒಪ್ಪಬೇಕು, ಟಿವಿಯವರು ಒಪ್ಪಬೇಕು, ದುಡ್ಡು ಕುದುರಬೇಕು, ಯಾವ ತೂಕದಲ್ಲಿ ಆಡುವುದು ಎನ್ನುವುದೂ ಕುದುರಬೇಕು. ಅಂದರೆ ಚಾಂಪಿಯನ್ ತನ್ನ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಸ್ವಲ್ಪಮಟ್ಟಿಗೆ ತಾನೇ ಬರೆದುಕೊಳ್ಳುತ್ತಾನೆ. ಜೊತೆಗೆ ಪಟ್ಟ ಕೊಡುವ ನಾಲ್ಕು ದೊಡ್ಡ ಸಂಸ್ಥೆಗಳಿವೆ, ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ಒಂದೇ ತೂಕ ವಿಭಾಗಕ್ಕೆ ನಾಲ್ವರು ಚಾಂಪಿಯನ್ನರು ಇರಬಹುದು. 'ಚಾಂಪಿಯನ್ನನನ್ನು ಸೋಲಿಸಿದ' ಅಂದ ಕೂಡಲೇ ತಲೆದೂಗಬೇಕಾಗಿಲ್ಲ.

ಅಂಕಿಗಳನ್ನು ಕಣ್ಣುಮುಚ್ಚಿ ನಂಬುವ ಹಾಗೂ ಇಲ್ಲ. 1977ರಲ್ಲಿ ಅಮೆರಿಕದ ಎಬಿಸಿ ಟಿವಿ ಒಂದು ದೊಡ್ಡ ಟೂರ್ನಿಯನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಭಾಗವಹಿಸಿದ ಕೆಲವು ಬಾಕ್ಸರ್‌ಗಳ ದಾಖಲೆಗೆ ನಡೆಯದೇ ಇದ್ದ ಗೆಲುವುಗಳನ್ನು ಸೇರಿಸಿದ್ದು ಬಯಲಾಗಿತ್ತು.

ಈಗ ನನಗೆ ಬಹಳ ಕಾಡುವ ಒಂದು ಪಂದ್ಯಕ್ಕೆ ಬರುತ್ತೇನೆ. 1966ರ ನವೆಂಬರ್ 14, ಹ್ಯೂಸ್ಟನ್‌ನ ಆಸ್ಟ್ರೋಡೋಮ್. ಅಲಿ ಎದುರು ಕ್ಲೀವ್‌ಲ್ಯಾಂಡ್ ವಿಲಿಯಮ್ಸ್. ಅಲಿಯ ಅತ್ಯಂತ ಸುಂದರ ಪಂದ್ಯ ಯಾವುದು ಎಂದರೆ ಬಲ್ಲವರು ತಟ್ಟನೆ ಇದನ್ನೇ ಹೇಳುತ್ತಾರೆ. ಪಾದ ನೆಲಕ್ಕೆ ತಾಗಿದ್ದೇ ಕಾಣುವುದಿಲ್ಲ, ಕೈ ಹೊರಟದ್ದು ಕಾಣುವುದಿಲ್ಲ, ವಿಲಿಯಮ್ಸ್ ಬಿದ್ದದ್ದು ಮಾತ್ರ ಕಾಣುತ್ತದೆ. ನಾಲ್ಕು ಸಲ ಬಿದ್ದ. ಮೂರನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು. ಕಾಗದದ ಮೇಲೆ ವಿಲಿಯಮ್ಸ್ ಭಯ ಹುಟ್ಟಿಸುವ ಎದುರಾಳಿ. ಅರವತ್ತಕ್ಕೂ ಹೆಚ್ಚು ಗೆಲುವು, ಬಹುಪಾಲು ನಾಕೌಟ್.

ಆದರೆ ಎರಡು ವರ್ಷಗಳ ಹಿಂದೆ, 1964ರ ನವೆಂಬರ್‌ನಲ್ಲಿ, ಟೆಕ್ಸಾಸ್‌ನ ಪೊಲೀಸನೊಬ್ಬ ವಿಲಿಯಮ್ಸ್‌ನ ಹೊಟ್ಟೆಗೆ ಗುಂಡು ಹಾರಿಸಿದ್ದ. ಮ್ಯಾಗ್ನಂ ಪಿಸ್ತೂಲಿನ ಗುಂಡು ಕರುಳನ್ನು ಸೀಳಿ, ಮೂತ್ರಪಿಂಡವನ್ನು ಹಾಳು ಮಾಡಿ, ಸೊಂಟದ ಮೂಳೆಯಲ್ಲಿ ಹೋಗಿ ಕೂತಿತು. ಒಂದರ ಮೇಲೊಂದು ಶಸ್ತ್ರಚಿಕಿತ್ಸೆ ನಡೆದವು. ಒಂದು ಮೂತ್ರಪಿಂಡ ಹೋಯಿತು, ಸಣ್ಣಕರುಳಿನ ಒಂದು ಭಾಗ ಹೋಯಿತು, ಮೈಯ ಮಾಂಸವೆಲ್ಲ ಇಳಿದುಹೋಯಿತು. ಗುಂಡು ಮಾತ್ರ ಒಳಗೇ ಉಳಿಯಿತು. ಆ ಮನುಷ್ಯ ಮತ್ತೆ ತೂಕ ಕಟ್ಟಿಕೊಂಡು, ಮತ್ತೆ ಕೈಗವಸು ಹಾಕಿ, ಮೂವತ್ತೈದು ಸಾವಿರಕ್ಕೂ ಹೆಚ್ಚು ಜನರ ಮುಂದೆ ಬಂದು ನಿಂತದ್ದೇ ದೊಡ್ಡದು. ಅವನ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅಲಿಯ ಪಟ್ಟಿಯಲ್ಲಿ ಆ ಗೆಲುವನ್ನು ಎಲ್ಲಿಡಬೇಕು? ರಥದ ಗಾಲಿ ಹೂತು ಕೂತ ಕರ್ಣನನ್ನು ಕೆಡವಿದ್ದು ಅರ್ಜುನನ ಬಿಲ್ವಿದ್ಯೆಗೆ ಸಾಕ್ಷಿ ಅಲ್ಲ. ಅರ್ಜುನ ದೊಡ್ಡ ಬಿಲ್ಲುಗಾರ ಹೌದು, ಅದಕ್ಕೆ ಸಾಕ್ಷಿ ಬೇರೆ ಕಡೆ ಹುಡುಕಬೇಕು. ಹಾಗೆಯೇ ಅಲಿಗೂ. ಅವನು ಸೋಲಿಸಿದ ಲಿಸ್ಟನ್, ಫ್ರೇಜಿಯರ್, ಫೋರ್ಮನ್ ಇದ್ದಾರಲ್ಲ, ಅಲ್ಲಿ ಹುಡುಕೋಣ.

ಹಾಗಾದರೆ ಎದುರಾಳಿಯ ವಯಸ್ಸು, ಗಾಯ ಎಲ್ಲ ಬರೆದಿಟ್ಟುಕೊಂಡು ಕಳೆಯುತ್ತಾ ಹೋದರೆ ಆಯಿತಲ್ಲ ಎನ್ನಬಹುದು. ಅಷ್ಟು ಸಲೀಸಲ್ಲ. ರಾಕಿ ಮಾರ್ಸಿಯಾನೋನ ವಿಷಯದಲ್ಲಿ ಈ ಲೆಕ್ಕ ಎಡವುತ್ತದೆ. 49 ಪಂದ್ಯ, 49 ಗೆಲುವು, 43 ನಾಕೌಟ್. ಅವನ ಟೀಕಾಕಾರರ ಮಾತು ಒಂದೇ: 'ಮುದುಕರನ್ನು ಹೊಡೆದ.' 1951ರಲ್ಲಿ ಅವನೆದುರು ಬಂದ ಹಳೆಯ ಚಾಂಪಿಯನ್ ಜೋ ಲೂಯಿಸ್‌ಗೆ 37 ವರ್ಷ. ಮರುವರ್ಷ ಅವನು ಪಟ್ಟ ಕಿತ್ತುಕೊಂಡ ಜರ್ಸಿ ಜೋ ವಾಲ್ಕಾಟ್‌ಗೆ 38. 1955ರಲ್ಲಿ ಕೊನೆಯ ಪಂದ್ಯದ ಎದುರಾಳಿ ಆರ್ಚಿ ಮೂರ್ ಕೂಡ ನಲವತ್ತರ ಆಸುಪಾಸಿನವನು.

ಮೂವರೂ ಹಿರಿಯರೇ. ಆದರೆ ಲೂಯಿಸ್ ಬೇರೆ, ಉಳಿದಿಬ್ಬರು ಬೇರೆ. ಲೂಯಿಸ್ 1949ರಲ್ಲಿ ನಿವೃತ್ತನಾಗಿ, ತೆರಿಗೆ ಸಾಲದ ಹೊರೆ ತಾಳಲಾರದೆ ವಾಪಸು ಬಂದವನು. ಎಂಟನೇ ಸುತ್ತಿನಲ್ಲಿ ಹಗ್ಗದಾಚೆ ಬಿದ್ದ ಅವನನ್ನು ನೋಡಿ ನೊಂದುಕೊಳ್ಳದವರು ಕಡಿಮೆ. ಆ ಗೆಲುವಿಗೆ ನಾನು ಹೆಚ್ಚು ಬೆಲೆ ಕೊಡಲಾರೆ. ವಾಲ್ಕಾಟ್ ಕಥೆ ತಿರುಗುಮುರುಗು. ಅವನಿಗೆ ಪಟ್ಟ ಸಿಕ್ಕಿದ್ದೇ 37ರಲ್ಲಿ, ಎಜರ್ಡ್ ಚಾರ್ಲ್ಸ್‌ನನ್ನು ಪಕ್ಕದಿಂದ ಬೀಸಿದ ಒಂದೇ ಎಡಗೈ ಹುಕ್‌ನಲ್ಲಿ ಮಲಗಿಸಿ. ಮಾರ್ಸಿಯಾನೋನನ್ನು ಮೊದಲ ಸುತ್ತಿನಲ್ಲೇ ನೆಲಕ್ಕೆ ಕೆಡವಿದ. 12 ಸುತ್ತು ಮುಗಿದಾಗ ಅಂಕಗಳಲ್ಲಿ ಮುಂದಿದ್ದವನೂ ಅವನೇ. 13ರಲ್ಲಿ ಬಂತು ಮಾರ್ಸಿಯಾನೋನ ಬಲಗೈ. ಇನ್ನು ಮೂರ್? ಎರಡನೇ ಸುತ್ತಿನಲ್ಲಿ ಮಾರ್ಸಿಯಾನೋನನ್ನು ಕೆಡವಿದ, ಒಂಬತ್ತರಲ್ಲಿ ಸೋತ. ಮೂರು ವರ್ಷ ಕಳೆದ ಮೇಲೆ, 1958ರಲ್ಲಿ, ಇವಾನ್ ಡುರೆಲ್ ಎದುರು ನಾಲ್ಕು ಸಲ ಬಿದ್ದು ನಾಲ್ಕು ಸಲವೂ ಎದ್ದು ಗೆದ್ದು ತನ್ನ ಲೈಟ್ ಹೆವಿವೇಯ್ಟ್ ಪಟ್ಟ ಉಳಿಸಿಕೊಂಡ. ಇಂಥವನನ್ನು 1955ರಲ್ಲಿ ಸೋಲಿಸಿದ್ದನ್ನು 'ಮುದುಕನನ್ನು ಹೊಡೆದದ್ದು' ಎನ್ನಲು ಬಾಯಿ ಬರುತ್ತದೆಯೇ?

ಅದಕ್ಕೇ ನಾನು ಜನ್ಮದಿನಾಂಕ ನೋಡುವುದಕ್ಕಿಂತ ಆ ಪಂದ್ಯದ ಹಿಂದಿನ, ಮುಂದಿನ ಒಂದೆರಡು ವರ್ಷ ನೋಡುತ್ತೇನೆ. ಬರುವ ಮೊದಲು ಏನು ಮಾಡಿದ್ದ, ಸೋತ ಮೇಲೆ ಏನು ಮಾಡಿದ. ಇದರಲ್ಲೂ ಒಂದು ಮೋಸ ಇದೆ. ಕೆಲವು ಸೋಲುಗಳೇ ಮನುಷ್ಯನನ್ನು ಮುಗಿಸಿಬಿಡುತ್ತವೆ. 1990ರ ಮಾರ್ಚ್‌ನಲ್ಲಿ ಮೆಲ್ಡ್ರಿಕ್ ಟೇಲರ್, ಹೂಲಿಯೋ ಸೀಸರ್ ಚಾವೆಜ್ ಎದುರು ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಸ್ಪಷ್ಟವಾಗಿ ಮುಂದಿದ್ದ. ಕೊನೆಯ ಸುತ್ತು ಮುಗಿಯಲು ಎರಡು ಸೆಕೆಂಡ್ ಬಾಕಿ ಇದ್ದಾಗ ರೆಫರಿ ಪಂದ್ಯ ನಿಲ್ಲಿಸಿ ಚಾವೆಜ್‌ಗೆ ಗೆಲುವು ಕೊಟ್ಟರು. ಟೇಲರ್ ಆಮೇಲೆ ಮೊದಲಿನಂತೆ ಆಗಲೇ ಇಲ್ಲ. ಮುಂದಿನ ವರ್ಷಗಳನ್ನು ಮಾತ್ರ ನೋಡಿದವರು 'ಟೇಲರ್ ಅಂಥ ಎದುರಾಳಿಯೇನಲ್ಲ' ಎಂದುಬಿಡಬಹುದು. ಅಲ್ಲ, ಆ ರಾತ್ರಿಯ ಟೇಲರ್ ಮಿಂಚು. ಚಾವೆಜ್‌ನ ಉದ್ದನೆಯ ಪಟ್ಟಿಯಲ್ಲಿ ಹೆಸರು ಕೇಳಿರದ ಎಷ್ಟೋ ಜನ ಇದ್ದಾರೆ. ಅವರೆಲ್ಲರನ್ನೂ ಒಟ್ಟು ಹಾಕಿದರೂ ಈ ಒಂದು ಪಂದ್ಯಕ್ಕೆ ಸಮನಾಗದು.

ಈಗ ನಮ್ಮ ಕಾಲದ ದೊಡ್ಡ ಜಗಳಕ್ಕೆ ಬರೋಣ. ಫ್ಲಾಯ್ಡ್ ಮೇವೆದರ್ ಮತ್ತು ಮ್ಯಾನಿ ಪಕಿಯಾವ್. ಒಬ್ಬನದು 50 ಪಂದ್ಯ, 50 ಗೆಲುವು. ಇನ್ನೊಬ್ಬ ಎಂಟು ತೂಕ ವಿಭಾಗಗಳಲ್ಲಿ ಪಟ್ಟ ಗೆದ್ದವನು, ಹಲವು ಸಲ ಸೋತವನು. ಅದೃಷ್ಟಕ್ಕೆ ಇಬ್ಬರಿಗೂ ಸಮಾನವಾಗಿ ಸಿಕ್ಕ ಎದುರಾಳಿಗಳು ಐವರಿದ್ದಾರೆ.

ಆಸ್ಕರ್ ಡೆ ಲಾ ಹೋಯಾನನ್ನು ಮೇವೆದರ್ 2007ರಲ್ಲಿ 154 ಪೌಂಡ್ ತೂಕದಲ್ಲಿ, ಹೋಯಾಗೆ ಒಗ್ಗಿದ ತೂಕದಲ್ಲಿ, ತೀರ್ಪುಗಾರರಲ್ಲಿ ಒಮ್ಮತವಿಲ್ಲದೆ ಗೆದ್ದ. ಪಕಿಯಾವ್ 2008ರ ಡಿಸೆಂಬರ್‌ನಲ್ಲಿ ಅವನನ್ನು 147ಕ್ಕೆ ಇಳಿಸಿ ಎಂಟು ಸುತ್ತಿನಲ್ಲಿ ಸ್ಟೂಲಿನಿಂದ ಏಳದಂತೆ ಮಾಡಿದ. ನೋಡಲು ಪಕಿಯಾವ್‌ನದೇ ದೊಡ್ಡ ಗೆಲುವು. ಆದರೆ ಆ ರಾತ್ರಿಯ ಹೋಯಾನ ಮುಖ ನೋಡಿ: ತೂಕ ಇಳಿಸಿ ಇಳಿಸಿ ಒಣಗಿಹೋಗಿದ್ದ, ಕೈ ಹೊರಡುತ್ತಲೇ ಇರಲಿಲ್ಲ. ಮತ್ತೆ ರಿಂಗ್‌ಗೆ ಬರಲೇ ಇಲ್ಲ. ಇದರಲ್ಲಿ ಮೇವೆದರ್‌ಗೇ ಹೆಚ್ಚು ಅಂಕ. ಅತ್ತ ಪಕಿಯಾವ್ ಕೆಲವೇ ತಿಂಗಳ ಹಿಂದೆ 135 ಪೌಂಡ್‌ನಲ್ಲಿ ಆಡಿದ್ದವನು ಎನ್ನುವುದನ್ನೂ ಮರೆಯಬಾರದು.

ರಿಕಿ ಹ್ಯಾಟನ್ ಮೇವೆದರ್ ಮುಂದೆ ಬಂದಾಗ ಒಂದೂ ಸೋಲು ಕಾಣದವನು, ಆದರೆ ತನ್ನದಲ್ಲದ 147ರಲ್ಲಿ. ಪಕಿಯಾವ್ ಮುಂದೆ ಬಂದಾಗ ಒಮ್ಮೆ ಸೋತವನು, ಆದರೆ ತನ್ನದೇ ಮನೆಯಾದ 140ರಲ್ಲಿ. ಮೇವೆದರ್‌ಗೆ ಹತ್ತು ಸುತ್ತು ಬೇಕಾಯಿತು, ಪಕಿಯಾವ್‌ಗೆ ಎರಡು ಸಾಕಾಯಿತು. ಇಲ್ಲಿ ನಾನು ಯಾರ ಕಡೆಗೂ ವಾಲಲಾರೆ.

ಶೇನ್ ಮೋಸ್ಲಿ ಬಗ್ಗೆ ಹೆಚ್ಚು ಮಾತು ಬೇಡ. 2010ರಲ್ಲಿ ಎರಡನೇ ಸುತ್ತಿನಲ್ಲೇ ಮೇವೆದರ್‌ನ ಮಂಡಿ ನಡುಗಿಸಿದ, ಮರುವರ್ಷ ಪಕಿಯಾವ್ ಎದುರು ಹಿಂದೆ ಹಿಂದೆ ಸರಿಯುತ್ತಲೇ 12 ಸುತ್ತು ಕಳೆದ. ಎರಡೂ ಸಲ ಸೋತ, ಆದರೆ ಹೆಚ್ಚು ಅಂಕ ಮೇವೆದರ್‌ಗೇ.

ಮಿಗೆಲ್ ಕೋಟೊ ವಿಷಯ ಬಹಳ ಜನ ತಪ್ಪು ತೂಗುವಂಥದ್ದು. ಪಕಿಯಾವ್ 2009ರಲ್ಲಿ ಅವನನ್ನು ಎರಡು ಸಲ ಕೆಡವಿ 12ನೇ ಸುತ್ತಿನಲ್ಲಿ ಗೆದ್ದ. ಆಗ ಕೋಟೊಗೆ 29, ವಯಸ್ಸಿನಲ್ಲಿ ಏರುಗಾಲ. ಆದರೆ ಹಿಂದಿನ ವರ್ಷ ಆಂಟೊನಿಯೊ ಮಾರ್ಗರಿಟೊ ಕೈಯಲ್ಲಿ ಘೋರವಾಗಿ ಪೆಟ್ಟು ತಿಂದಿದ್ದ. ಅದೇ ಮಾರ್ಗರಿಟೊನ ಕೈಪಟ್ಟಿಯೊಳಗೆ 2009ರ ಜನವರಿಯಲ್ಲಿ, ಇನ್ನೊಂದು ಪಂದ್ಯಕ್ಕೆ ಮುಂಚೆ, ಗಟ್ಟಿಯಾದ ನಿಷಿದ್ಧ ವಸ್ತು ಸಿಕ್ಕಿತು. ಪಕಿಯಾವ್ ಜೊತೆಗಿನ ಒಪ್ಪಂದದಲ್ಲಿ 147ರ ಬದಲು 145 ಪೌಂಡ್‌ಗೆ ಇಳಿಯಬೇಕೆಂಬ ಷರತ್ತೂ ಇತ್ತು. ಮೇವೆದರ್ 2012ರಲ್ಲಿ ಕೋಟೊನ 154ಕ್ಕೇ ಏರಿ ಹೋಗಿ, ಮೂಗಿನಲ್ಲಿ ರಕ್ತ ಸುರಿಸಿಕೊಂಡು ಗೆದ್ದ. ಎರಡು ವರ್ಷಗಳ ನಂತರ ಅದೇ ಕೋಟೊ ಮಿಡಲ್‌ವೇಯ್ಟ್ ಪಟ್ಟ ಗೆದ್ದ. ಅವನು 2012ರಲ್ಲಿ ಹಳಸಿದ ಸರಕು ಆಗಿರಲಿಲ್ಲ. ಇದೂ ಮೇವೆದರ್‌ಗೇ.

ಐದನೆಯವನು ಹ್ವಾನ್ ಮಾನ್ವೆಲ್ ಮಾರ್ಕೆಜ್. ಇಲ್ಲಿ ಮಾತ್ರ ತಕ್ಕಡಿ ಧಡಕ್ಕನೆ ಪಕಿಯಾವ್ ಕಡೆಗೆ ಇಳಿಯುತ್ತದೆ. 2009ರಲ್ಲಿ ಮಾರ್ಕೆಜ್ 135 ಪೌಂಡ್‌ನ ಚಾಂಪಿಯನ್. ಮೇವೆದರ್ ಅವನನ್ನು 144ರ ಒಪ್ಪಂದಕ್ಕೆ ಹತ್ತಿಸಿ, ತಾನು 146 ತೂಗಿ, ಹೆಚ್ಚಾದ ಎರಡು ಪೌಂಡ್‌ಗೆ 6 ಲಕ್ಷ ಡಾಲರ್ ದಂಡ ಕಟ್ಟಿ ಆಡಿದ. ಸುಲಭವಾಗಿ ಗೆದ್ದ. ಪಕಿಯಾವ್ ಇದೇ ಮಾರ್ಕೆಜ್‌ನನ್ನು ಮೊದಲೆರಡು ಸಲ 126ರಲ್ಲಿ, 130ರಲ್ಲಿ, ಅವನ ಕೈ ಅತ್ಯಂತ ಚುರುಕಾಗಿದ್ದ ತೂಕಗಳಲ್ಲಿ ಎದುರಿಸಿದ. ಒಂದು ಡ್ರಾ, ಎರಡು ಕೂದಲೆಳೆಯ ಗೆಲುವು, ಕೊನೆಗೆ 2012ರಲ್ಲಿ ಪಕಿಯಾವ್‌ನೇ ಮುಖ ಅಡಿಯಾಗಿ ಬಿದ್ದ ನಾಕೌಟ್. 'ಮೇವೆದರ್ ಆಟವಾಡಿಸಿದವನ ಮುಂದೆ ಪಕಿಯಾವ್ ತಿಣುಕಾಡಿದ' ಎನ್ನುವವರಿಗೆ ನನ್ನ ಉತ್ತರ: ಅವರಿಬ್ಬರೂ ಒಬ್ಬನೇ ಮಾರ್ಕೆಜ್‌ನನ್ನು ಎದುರಿಸಲಿಲ್ಲ.

ಐವರಲ್ಲಿ ಮೇವೆದರ್‌ಗೆ ಮೂರು ಕೊಟ್ಟಿದ್ದೇನೆ, ನಿಜ. ಆದರೂ ಒಟ್ಟು ಪಟ್ಟಿ ನೋಡಿದರೆ ನನ್ನ ಒಲವು ಪಕಿಯಾವ್ ಕಡೆಗೆ. ಬರೇರಾ, ಮೊರಾಲೆಸ್, ಮಾರ್ಕೆಜ್, ಮೆಕ್ಸಿಕೋದ ಈ ಮೂವರನ್ನೂ ಅವರವರ ತೂಕದಲ್ಲೇ, ಮತ್ತೆ ಮತ್ತೆ ಎದುರಿಸಿದವನು ಅವನು. 2005ರಲ್ಲಿ ಮೊರಾಲೆಸ್ ಕೈಯಲ್ಲಿ ಸೋತು, ಮುಂದಿನ ವರ್ಷ ಎರಡು ಸಲ ಅವನನ್ನೇ ಕರೆದು ಸೋಲಿಸಿದ. ಮೇವೆದರ್‌ನ 50ನೇ ಗೆಲುವು, 2017ರಲ್ಲಿ, ಅದುವರೆಗೆ ಒಂದೂ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿರದ ಕಾನರ್ ಮೆಕ್‌ಗ್ರೆಗರ್ ಮೇಲೆ. 2015ರಲ್ಲಿ ಇಬ್ಬರೂ ಮುಖಾಮುಖಿಯಾದಾಗ ಗೆದ್ದವನು ಮೇವೆದರ್, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಯಾರು ಯಾರನ್ನು ಸೋಲಿಸಿದ ಎನ್ನುವುದು ಒಂದು ಪ್ರಶ್ನೆ, ಯಾರು ಎಂಥವರನ್ನು ಎದುರಿಸಿದ ಎನ್ನುವುದು ಇನ್ನೊಂದು. ನಾರ್ಟನ್ ಅಲಿಯನ್ನು ಸೋಲಿಸಿದ, ಫೋರ್ಮನ್ ನಾರ್ಟನ್‌ನನ್ನು ಪುಡಿ ಮಾಡಿದ, ಅಲಿ ಫೋರ್ಮನ್‌ನನ್ನು ಕೆಡವಿದ. ಸರಪಳಿ ಕಟ್ಟಿ ಲೆಕ್ಕ ಹಾಕಿದರೆ ಎಲ್ಲಿಗೂ ತಲುಪುವುದಿಲ್ಲ.

ಸೋಲಿಲ್ಲದ ದಾಖಲೆ ಎಂದರೆ ಆಯ್ದು ಆಡಿದ ದಾಖಲೆ ಎಂದೂ ತಿಳಿಯಬೇಡಿ. ಉಕ್ರೇನಿನ ಒಲೆಕ್ಸಾಂಡರ್ ಉಸಿಕ್‌ನನ್ನು ನೋಡಿ. ಮಾರ್ಕೊ ಹುಕ್‌ನನ್ನು ಬರ್ಲಿನ್‌ನಲ್ಲಿ, ಬ್ರಿಯೆಡಿಸ್‌ನನ್ನು ರೀಗಾದಲ್ಲಿ, ಗಾಸಿಯೆವ್‌ನನ್ನು ಮಾಸ್ಕೋದಲ್ಲಿ, ಜೋಶುವಾನನ್ನು ಲಂಡನ್‌ನಲ್ಲಿ. ಎದುರಾಳಿಯ ನಾಡಿಗೇ ಹೋಗಿ, ಅವನ ಜನರ ಕೂಗಿನ ನಡುವೆ ಗೆದ್ದ.

ಮತ್ತೆ ಹೋಮ್ಸ್‌ಗೆ ಬಂದು ಮುಗಿಸುತ್ತೇನೆ. 48 ಪಂದ್ಯ ಸೋಲಿಲ್ಲದೆ ಗೆದ್ದು, ಮಾರ್ಸಿಯಾನೋನ 49ಕ್ಕೆ ಒಂದೇ ಮೆಟ್ಟಿಲು ಬಾಕಿ ಇರುವಾಗ ಎಡವಿದವನು. ಅವನ ಪಟ್ಟಿಯಲ್ಲಿ ಹೊಳೆಯುವ ಹೆಸರು ಅಲಿಯದು, 1980ರ ಅಕ್ಟೋಬರ್. 38 ವರ್ಷದ ಅಲಿ, ಎರಡು ವರ್ಷ ರಿಂಗ್‌ನಿಂದ ದೂರವಿದ್ದು, ಥೈರಾಯ್ಡ್ ಮಾತ್ರೆ ನುಂಗಿ ತೂಕ ಇಳಿಸಿಕೊಂಡು ಬಂದಿದ್ದ. ಹೋಮ್ಸ್ ಹೊಡೆಯುತ್ತಾ ಹೊಡೆಯುತ್ತಾ ರೆಫರಿಯ ಕಡೆ ನೋಡುತ್ತಾನೆ, ನಿಲ್ಲಿಸಿ ಎನ್ನುವ ಹಾಗೆ. ಹತ್ತು ಸುತ್ತಾದ ಮೇಲೆ ಅಲಿಯ ಕಡೆಯವರೇ ನಿಲ್ಲಿಸಿದರು.

ಹೋಮ್ಸ್‌ನನ್ನು ತೂಗಲು ನಾನು ಆ ಪಂದ್ಯ ಹಾಕುವುದಿಲ್ಲ. 1978ರ ಜೂನ್ 9 ಹಾಕುತ್ತೇನೆ. ನಾರ್ಟನ್‌ಗೆ 34, ಇನ್ನೂ ಗಟ್ಟಿ. ಹೋಮ್ಸ್‌ನ ಎಡತೋಳಿಗೆ ತರಬೇತಿಯಲ್ಲಿ ಪೆಟ್ಟಾಗಿತ್ತು, ಅವನ ಬಂಡವಾಳವೆಲ್ಲ ಇದ್ದದ್ದು ಆ ಎಡಗೈ ಜಾಬ್‌ನಲ್ಲೇ, ಅಂದರೆ ನೇರವಾಗಿ ಚಾಚುವ ಪೆಟ್ಟಿನಲ್ಲೇ. 14 ಸುತ್ತು ಮುಗಿದಾಗ ಮೂವರೂ ತೀರ್ಪುಗಾರರ ಚೀಟಿಯಲ್ಲಿ ಅಂಕ ಸಮ. 15ನೆಯದರಲ್ಲಿ ಇಬ್ಬರೂ ರಿಂಗ್‌ನ ನಡುವೆ ನಿಂತರು, ಯಾರೂ ಹಿಂದೆ ಸರಿಯಲಿಲ್ಲ. ನಾರ್ಟನ್ ಬಗ್ಗಿ ಬಗ್ಗಿ ಒಳನುಗ್ಗುತ್ತಾನೆ, ಹೋಮ್ಸ್ ಕೆಳಗಿನಿಂದ ಮೇಲಕ್ಕೆ ಹೊಡೆಯುವ ಅಪ್ಪರ್‌ಕಟ್‌ನಲ್ಲಿ ಅವನ ತಲೆ ಎತ್ತುತ್ತಾನೆ, ನಾರ್ಟನ್ ಮತ್ತೆ ಬರುತ್ತಾನೆ. ಗಂಟೆ ಬಾರಿಸಿದಾಗ 143-142, ಇಬ್ಬರು ತೀರ್ಪುಗಾರರು ಹೋಮ್ಸ್‌ಗೆ, ಒಬ್ಬರು ನಾರ್ಟನ್‌ಗೆ. ಮನೆಗೆ ಹೋದ ಮೇಲೆ ಪುರಸೊತ್ತಾದರೆ ಆ ಒಂದು ಸುತ್ತನ್ನು ನೋಡಿ, ಮೂರೇ ನಿಮಿಷ.