ಹಳೇ ಪಿಸ್ತೂಲಿನ ಅಳತೆ ಎಲ್ಲಿಂದ ಶುರುವಾಗುತ್ತೆ?

ನಮಸ್ಕಾರ ಎಲ್ರಿಗೂ! ಬಸವನಗುಡಿಯಿಂದ ನಾಟಕಕ್ಕೆ ಪ್ರಾಪ್ಸ್ ಮಾಡೋ ಒಬ್ರು ಕೇಳಿದ್ದಾರೆ: "ಟಿಪ್ಪು ಕಾಲದ ಪಿಸ್ತೂಲು ಮರದಲ್ಲಿ ಕೆತ್ತಿದೀನಿ, ಉದ್ದ ಎಲ್ಲ ಫೋಟೋ ನೋಡೇ ಇಟ್ಟಿದ್ದು, ಆದ್ರೂ ಸ್ಟೇಜ್ ಮೇಲೆ ಆಟದ ಸಾಮಾನಿನ ಥರ ಕಾಣುತ್ತೆ, ಯಾಕೆ?" ತುಂಬಾ ಒಳ್ಳೇ ಪ್ರಶ್ನೆ.

ಬೇಸಿಕ್ಸ್ ಬೇಗ ಮುಗಿಸೋಣ. ಮದ್ದು, ಗುಂಡು ನಳಿಗೆ ಬಾಯಿಂದ ಒಳಗೆ ಹೋಗುತ್ತೆ, ಗಜದಿಂದ ಒತ್ತುತಾರೆ, ಚಕಮಕಿ ಕಲ್ಲು ಉಕ್ಕಿಗೆ ಹೊಡೆದು ಕಿಡಿ, ಕಿಡಿ ಪುಟ್ಟ ಬಟ್ಟಲಲ್ಲಿರೋ ಮದ್ದಿಗೆ, ಅಲ್ಲಿಂದ ನಳಿಗೆ ಪಕ್ಕದ ತೂತಿಂದ ಒಳಗೆ ಬೆಂಕಿ. ಮಲೆನಾಡಿನ ಕೇಪಿನ ಕೋವಿ ನೋಡಿದೋರಿಗೆ ಇದು ಗೊತ್ತೇ ಇರುತ್ತೆ, ಅಲ್ಲಿ ಕಲ್ಲಿನ ಜಾಗದಲ್ಲಿ ಕೇಪು.

[ಸ್ಕ್ರೀನ್ ಮೇಲೆ: ಲಾಕಿನ ಕ್ಲೋಸಪ್]

ಈಗ ನನಗೆ ತುಂಬಾ ಇಷ್ಟವಾದ ವಿಷ್ಯ. ನಾವೆಲ್ಲ ನಳಿಗೆ ಉದ್ದದಿಂದ ಡ್ರಾಯಿಂಗ್ ಶುರು ಮಾಡ್ತೀವಿ, ಆದ್ರೆ ಟೈಲರ್ ಶರ್ಟಿಗೆ ಭುಜದ ಅಳತೆ ಹಿಡಿದು ಮಿಕ್ಕಿದ್ದನ್ನ ಇಳಿಸಿಕೊಂಡು ಬರೋ ಹಾಗೆ, ಇಲ್ಲಿ ಎಲ್ಲಾನೂ ಹೇಳೋದು ಲಾಕು, ಅಂದ್ರೆ ಪಕ್ಕದಲ್ಲಿ ಕೂರೋ ಆ ಕಬ್ಬಿಣದ ಪಟ್ಟಿ ಮತ್ತೆ ಅದರ ಸ್ಪ್ರಿಂಗುಗಳು. ಹೇಗೆ ನೋಡಿ: ಮದ್ದಿನ ಬಟ್ಟಲು ನಳಿಗೆ ತೂತಿನ ಎದುರಿಗೇ ಬರಬೇಕು, ಅಲ್ಲಿಗೆ ನಳಿಗೆ ಹಿಂಬದಿ ಎಲ್ಲಿ ನಿಲ್ಲುತ್ತೆ ಅನ್ನೋದು ಫಿಕ್ಸ್. ಲಾಕಿನೊಳಗೆ ಒಂದು ಪುಟ್ಟ ಕಡ್ಡಿ ಅಡ್ಡಕ್ಕೆ ಚಾಚಿರುತ್ತೆ, ಟ್ರಿಗರ್ ಅದನ್ನ ಮೇಲಕ್ಕೆ ತಳ್ಳಬೇಕು, ಹಾಗಾಗಿ ಟ್ರಿಗರ್ ಅದರ ಕೆಳಗೇ ಇರಬೇಕು. ಟ್ರಿಗರ್ ಜಾಗ ಗೊತ್ತಾದ್ರೆ ಬೆರಳಿನ ಜಾಗ ಗೊತ್ತು, ಬೆರಳಿಂದ ಅಂಗೈ, ಅಂಗೈಯಿಂದ ಹಿಡಿ ಎಲ್ಲಿ ಬಾಗಬೇಕು ಅನ್ನೋದು! ಹೊರಗೆ ಕಾಣದೇ ಇರೋ ಒಂದು ಕಡ್ಡಿ ಇಡೀ ಪಿಸ್ತೂಲಿನ ಆಕಾರ ತೀರ್ಮಾನ ಮಾಡುತ್ತೆ. ಲಾಕು ಬಿಗಿಯೋ ಮುಂದಿನ ಸ್ಕ್ರೂ ನಳಿಗೆ ಮತ್ತೆ ಗಜದ ಮಧ್ಯೆ ತೂರಿಹೋಗಬೇಕಲ್ಲ, ಅದರಿಂದ ಮರದ ಎತ್ತರಾನೂ ಬಂತು.

ಇದನ್ನೆಲ್ಲ ಗೋಲ್ಡನ್ ರೇಶಿಯೋ, ಅಂದ್ರೆ ಕಣ್ಣಿಗೆ ಅಂದ ಅಂತ ಹೇಳೋ ಒಂದು ಗಣಿತದ ಅನುಪಾತ, ಅನ್ನೋರಿದ್ದಾರೆ. ನನಗೆ ಒಪ್ಪಿಗೆ ಇಲ್ಲ, ಮೊದಲು ಕೆಲಸದ ಲೆಕ್ಕ, ಅಂದ ಅದರ ಮೇಲೆ.

ನಳಿಗೆ ಉದ್ದ ಅಷ್ಟು ಕಟ್ಟುನಿಟ್ಟಲ್ಲ. ಬ್ರಿಟಿಷ್ ನೌಕಾಪಡೆಯ ಉದ್ದ ಮಾದರಿಯಲ್ಲಿ 12 ಇಂಚು, ಸವಾರರ ಲೈಟ್ ಡ್ರಾಗೂನ್ ಪಿಸ್ತೂಲಲ್ಲಿ 9 ಇಂಚು, ಎರಡೂ ಚೆನ್ನಾಗೇ ಕಾಣುತ್ತೆ. ಆದ್ರೆ ನಳಿಗೆ ಹಿಂದೆ ದಪ್ಪ, ಮುಂದೆ ಸಣ್ಣ ಇರಲೇಬೇಕು, ಯಾಕಂದ್ರೆ ಮದ್ದು ಉರಿದಾಗ ಒತ್ತಡ ಜಾಸ್ತಿ ಇರೋದು ಹಿಂದೆ. ಪೈಪಿನ ಥರ ಒಂದೇ ದಪ್ಪ ಕೆತ್ತಿದ್ರೆ ಕಣ್ಣಿಗೆ ತಕ್ಷಣ ಗೊತ್ತಾಗುತ್ತೆ, ಆಮೇಲೆ ಲಾಕಿನ ಸುತ್ತ, ನಳಿಗೆ ಕೆಳಗೆ ಮರ ಜಾಸ್ತಿ ಬಿಟ್ಟಿರ್ತಾರೆ, ಹಳೇ ಕೆಲಸಗಾರರು ಅಲ್ಲಿ ಮರ ತೆಳ್ಳಗೆ ತೆಗೀತಿದ್ರು. ನನ್ನ ಪ್ರಕಾರ ಆಟದ ಸಾಮಾನು ಅನ್ಸೋಕೆ ಈ ಎರಡೇ ಕಾರಣ.

ಟೈಮ್ ಆಗ್ತಿದೆ, ಎರಡು ಮಾತು ಒಟ್ಟಿಗೆ. ಒಂದು, ಇದು ಮರದ ಮಾದರಿಗೆ ಮಾತ್ರ, ಲೈಸೆನ್ಸ್ ಇಲ್ಲದೆ ನಿಜವಾದ ಬಂದೂಕು ತಯಾರಿಸೋದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಎರಡು, ಟಿಪ್ಪು ಕಾಲದ್ದು ಅಂದ್ರೆ ಕಲ್ಲು ಹಿಡಿಯೋ ಭಾಗ ಹುಲಿ ಆಕಾರದಲ್ಲಿ ಕೆತ್ತಿ, ಶ್ರೀರಂಗಪಟ್ಟಣದ ಪಿಸ್ತೂಲುಗಳಲ್ಲಿ ಅದು ಇದೆ. ಸಾಮಾನ್ಯವಾಗಿ ಲಾಕು ಬಲಗಡೆ ಇರುತ್ತೆ, ಅಲ್ಲಿ ಎಡಗಡೆ ಲಾಕಿರೋವೂ ಮಾಡಿದ್ರು, ಅದಕ್ಕೆ ಜೋಡಿ ಮಾಡೋದಾದ್ರೆ ಎರಡನೇದಕ್ಕೆ ಅದೇ ಡ್ರಾಯಿಂಗನ್ನ ಕನ್ನಡಿ ಬಿಂಬದ ಹಾಗೆ ತಿರುಗಿಸಿ ಹಾಕಿಕೊಳ್ಳಿ.