ಬಸ್ಸು ತಪ್ಪುವುದಿಲ್ಲ, ನಿಧಾನವಾಗಿ ಉಣ್ಣಿ

ಕೇಳುಗರೆಲ್ಲರಿಗೂ ನಮಸ್ಕಾರ. ಏನನ್ನು ತಿನ್ನಬೇಕು, ಏನನ್ನು ಬಿಡಬೇಕು ಎಂಬ ಪಟ್ಟಿಗಳನ್ನು ನೀವು ಈಗಾಗಲೇ ಸಾಕಷ್ಟು ಕೇಳಿದ್ದೀರಿ. ನಾನು ಇನ್ನೊಂದನ್ನು ಓದಲು ಬಂದಿಲ್ಲ. ನನ್ನದು ಒಂದೇ ಮಾತು: ನಿಧಾನವಾಗಿ ಉಣ್ಣಿ.

ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಮುಟ್ಟಲು ಸುಮಾರು 20 ನಿಮಿಷ ಬೇಕು. ಜಠರ ಹಿಗ್ಗಿದ್ದನ್ನು ನರಗಳು ತಿಳಿಸಬೇಕು, ಕರುಳಿನ ಹಾರ್ಮೋನುಗಳು ರಕ್ತದಲ್ಲಿ ಸಾಗಿ ಹೋಗಬೇಕು. ಏಳೆಂಟು ನಿಮಿಷದಲ್ಲಿ ತಟ್ಟೆ ಬರಿದು ಮಾಡುವವರು ಆ ಸುದ್ದಿ ಬರುವ ಮೊದಲೇ ಮತ್ತೊಮ್ಮೆ ಬಡಿಸಿಕೊಂಡಿರುತ್ತಾರೆ.

ಇದನ್ನು ನಾನು ಕಲಿತದ್ದು ವೈದ್ಯಕೀಯ ಪುಸ್ತಕದಿಂದಲ್ಲ, ಶಿರಸಿಯ ಸಮೀಪದ ಒಂದು ಉಪನಯನದ ಪಂಕ್ತಿಯಲ್ಲಿ. ಆಗ ನಾನು ಕಾಲೇಜು ಹುಡುಗ. ಕೋಸಂಬರಿ, ಪಲ್ಯಗಳನ್ನು ಮುಗಿಸಿ, ತಂಬುಳಿಯನ್ನವನ್ನೂ ಸಾರನ್ನವನ್ನೂ ಕರಗಿಸಿ, ಹುಳಿ ಬರುವಷ್ಟರಲ್ಲಿ ಖಾಲಿ ಎಲೆಯ ಮುಂದೆ ಕುಳಿತಿದ್ದೆ. ಖಾಲಿ ಎಲೆ ಕಂಡರೆ ಬಡಿಸುವವರು ಸುಮ್ಮನಿರುತ್ತಾರೆಯೇ? ಮತ್ತೆ ಅನ್ನ ಬಿತ್ತು, ಅದನ್ನೂ ಮುಗಿಸಿದೆ. ಪಕ್ಕದಲ್ಲಿದ್ದ ಹಿರಿಯರು ಒಂದು ತುತ್ತು ಉಂಡು, ಯಾರೋ ಹೇಳುತ್ತಿದ್ದ ಶ್ಲೋಕಕ್ಕೆ ತಲೆದೂಗಿ, ಆಮೇಲೆ ಇನ್ನೊಂದು ತುತ್ತು ಕಲಸುತ್ತಿದ್ದರು. ನನ್ನ ಕಡೆ ತಿರುಗಿ, ‘ಬಸ್ಸೇನಾದರೂ ತಪ್ಪುತ್ತದೆಯೇ ಮಾಣಿ?’ ಎಂದು ಕೇಳಿದರು. ನಾನು ನಕ್ಕು ಸುಮ್ಮನಾದೆ. ಹೋಳಿಗೆ ಬರುವ ಹೊತ್ತಿಗೆ ನನ್ನ ಹೊಟ್ಟೆ ಕಲ್ಲಾಗಿತ್ತು. ಎಲ್ಲರ ಊಟ ಮುಗಿಯದೆ ಏಳುವಂತೆಯೂ ಇರಲಿಲ್ಲ. ಅವರು ತುಪ್ಪ ಹಾಕಿಸಿಕೊಂಡು ಎರಡು ಹೋಳಿಗೆ ಸವಿಯುವುದನ್ನು ನೋಡುತ್ತ ಕುಳಿತೆ. ಆ ಹೊಟ್ಟೆಕಿಚ್ಚು ಇಂದಿಗೂ ಪೂರ್ತಿ ಆರಿಲ್ಲ.

ಸಮಯ ಸರಿಯುತ್ತಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ಮಾತಿನಲ್ಲಿ ಅವಸರ ನಡೆಯುತ್ತದೆ, ಊಟದಲ್ಲಿ ನಡೆಯದು. ಅನ್ನವನ್ನು ಅಗಿಯುತ್ತ ಹೋದರೆ ಸಿಹಿಯಾಗುತ್ತದೆ, ಏಕೆಂದರೆ ಜೊಲ್ಲಿನಲ್ಲಿರುವ ಕಿಣ್ವವು ಪಿಷ್ಟವನ್ನು ಬಾಯಲ್ಲೇ ಸಕ್ಕರೆಯಾಗಿ ಒಡೆಯತೊಡಗುತ್ತದೆ. ಪರೀಕ್ಷೆಯ ದಿನ ಬಾಯಿ ಒಣಗಿದ್ದು ನಿಮಗೆ ನೆನಪಿರಬೇಕು. ಆತಂಕದಲ್ಲಿ ಜೊಲ್ಲೂ ಜೀರ್ಣರಸವೂ ಹಿಂಜರಿಯುತ್ತವೆ, ನಿರಾಳವಾಗಿ ಕುಳಿತಾಗ ಹರಿಯುತ್ತವೆ. ಮುದ್ದೆಯನ್ನು ಅಗಿಯುವುದು ಹೇಗೆ ಎಂದು ಮಂಡ್ಯ, ಹಾಸನದ ಕಡೆಯವರು ಪ್ರತಿ ಸಲವೂ ಕೇಳುತ್ತಾರೆ. ನುಂಗಿರಪ್ಪ, ಬೇಡವೆನ್ನುವುದಿಲ್ಲ, ಆದರೆ ಒಂದು ತುತ್ತು ಇಳಿಯುವವರೆಗೆ ಕೈ ಮುಂದಿನ ತುತ್ತನ್ನು ಮುರಿಯದಿರಲಿ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ ಎಂದು ಇನ್ನೆಷ್ಟು ಸಲ ಹೇಳಲಿ!

ಇಂದು ರಾತ್ರಿ ಊಟಕ್ಕೆ ಕೂರುವಾಗ ಒಮ್ಮೆ, ಕೈ ತೊಳೆಯುವಾಗ ಒಮ್ಮೆ ಗಡಿಯಾರ ನೋಡಿ. 20 ನಿಮಿಷ ಆಗಿರದಿದ್ದರೆ ನಾಳೆ ಇನ್ನಷ್ಟು ನಿಧಾನವಾಗಿ ಉಣ್ಣಿ. ನಮಸ್ಕಾರ.